ಕಾರ್ಮೆಲ್ ಬೆಟ್ಟದ ಕುದುರೆ



ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಯಲ್ಲಿ ನೀವು ಬೆಳೆದಿದ್ದರೆ, ನಾನು ಇಂದು ಹೇಳಹೊರಟಿರುವ ಕಲೆ ನಿಮಗೆ ತೀರ ಹೊಸದಲ್ಲ. ಗೊಂಬೆಗಳ ಮೆಟ್ಟಿಲ ಕೆಳಗೆ ಒಂದು ತಟ್ಟೆಯಲ್ಲಿ ಮಣ್ಣು ಹರಡಿ, ರಾಗಿ ಚೆಲ್ಲಿ, ಮೊಳಕೆ ಬಂದ ಮೇಲೆ ಅದನ್ನು ಹೊಲವೆಂದು ಕರೆಯುತ್ತಿದ್ದೆವು. ನಡುವೆ ಕನ್ನಡಿಯ ಚೂರೊಂದನ್ನು ಇಟ್ಟರೆ ಅದೇ ಕೆರೆ. ಆ ಕೆರೆಯ ದಡದಲ್ಲಿ ಹಸುವಿಗಿಂತ ದೊಡ್ಡ ಬಾತುಕೋಳಿ ನಿಂತಿದ್ದರೂ ಯಾರ ಆಕ್ಷೇಪವೂ ಇರುತ್ತಿರಲಿಲ್ಲ. ಆಕ್ಷೇಪಿಸುವವರು ಬಂದ ದಿನ ಗೊಂಬೆಯಾಟ ಡಯೊರಾಮಾ ಆಗುತ್ತದೆ.

ಡಯೊರಾಮಾ ಎಂಬ ಹೆಸರು ಮೊದಲು ಸೇರಿದ್ದು ಪ್ಯಾರಿಸ್ಸಿನ ಒಂದು ಪ್ರದರ್ಶನ ಮಂದಿರಕ್ಕೆ. 1822ರಲ್ಲಿ ಅದನ್ನು ತೆರೆದವರಲ್ಲಿ ಒಬ್ಬ, ಮುಂದೆ ಛಾಯಾಗ್ರಹಣದ ಇತಿಹಾಸದಲ್ಲಿ ಹೆಸರಾದ ಡಾಗೇರ್. ಇಂದು ನಾವು ಆ ಪದದಿಂದ ಸೂಚಿಸುವುದು ಒಂದೇ ಅಳತೆಗೆ ಇಳಿಸಿದ ಜನ, ವಾಹನ, ನೆಲ, ಗಿಡಗಳನ್ನು ಸೇರಿಸಿ ಒಂದು ಕ್ಷಣವನ್ನು ನಿಲ್ಲಿಸಿ ತೋರಿಸುವ ಮಾದರಿಯನ್ನು. ಯುದ್ಧದೃಶ್ಯಗಳೇ ಇದರಲ್ಲಿ ಹೆಚ್ಚು. 1970ರ ದಶಕದಲ್ಲಿ ಅಮೆರಿಕದ ಶೆಪರ್ಡ್ ಪೇನ್ ಎಂಬಾತ ಮಾಡಿದ ದೃಶ್ಯಗಳ ಚಿತ್ರಪತ್ರಿಕೆಗಳನ್ನು ಮೊನೊಗ್ರಾಮ್ ಕಂಪನಿ ತನ್ನ ಕಿಟ್‌ಗಳ ಪೆಟ್ಟಿಗೆಯಲ್ಲಿ ಇಟ್ಟು ಕಳಿಸುತ್ತಿತ್ತು. ಬರಿಯ ಟ್ಯಾಂಕು, ವಿಮಾನ ಜೋಡಿಸಿ ಕಪಾಟಿನಲ್ಲಿಡುತ್ತಿದ್ದ ಎಷ್ಟೋ ಹುಡುಗರು ಅದನ್ನು ನೋಡಿ ನೆಲವನ್ನೂ ಮಾಡಲು ಕಲಿತರು.

ಕೆಲವು ವರ್ಷಗಳ ಹಿಂದೆ ಮೂವರು ವಿದ್ಯಾರ್ಥಿಗಳು ಒಂದು ಅಂತರ ಕಾಲೇಜು ಸ್ಪರ್ಧೆಗೆ ಡಯೊರಾಮಾ ಮಾಡಬೇಕೆಂದು ನನ್ನ ಬಳಿ ಬಂದರು. ವಿಷಯವನ್ನು ಅವರೇ ಆರಿಸಿಕೊಂಡಿದ್ದರು: ಹೈಫಾ, 1918ರ ಸೆಪ್ಟೆಂಬರ್ 23. ಮೊದಲ ಮಹಾಯುದ್ಧದಲ್ಲಿ ಪ್ಯಾಲೆಸ್ಟೈನಿನ ಆ ಬಂದರು ತುರ್ಕಿ ಸೇನೆಯ ವಶದಲ್ಲಿತ್ತು. ಅದನ್ನು ಗೆದ್ದ ಅಶ್ವದಳದಲ್ಲಿ ಜೋಧಪುರದವರೊಡನೆ ನಮ್ಮ ಮೈಸೂರು ಲ್ಯಾನ್ಸರ್‌ಗಳೂ ಇದ್ದರು. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಸೈನಿಕರು ಹೈದರಾಬಾದು, ಜೋಧಪುರ, ಮೈಸೂರುಗಳ ಅಶ್ವಸೇನೆಯವರೇ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್‌ಗಳ ಸ್ಮಾರಕಸ್ತಂಭವಿದೆ. ಬಸ್ಸಿನಲ್ಲಿ ಹೋಗುವವರು ಅದನ್ನು ಗಮನಿಸುವುದು ಕಡಿಮೆ.

ಹುಡುಗರ ಮನಸ್ಸಿನಲ್ಲಿದ್ದ ಚಿತ್ರ ನೀವು ಊಹಿಸುವಂಥದೇ. ಬಯಲಿನಲ್ಲಿ ಈಟಿ ಚಾಚಿ ನಾಗಾಲೋಟದಲ್ಲಿ ಧಾವಿಸುವ ಮೈಸೂರು ಸವಾರರು! ನನಗೂ ಅದು ಇಷ್ಟವೇ. ಆದರೆ ಓದುತ್ತ ಹೋದಂತೆ ತೊಡಕು ಕಾಣಿಸಿತು. ಕಿಶೋನ್ ನದಿಯ ಪಕ್ಕದಿಂದ ಊರಿಗೆ ನುಗ್ಗಿದವರು ಜೋಧಪುರದವರು. ನದಿಯ ದಡದಲ್ಲಿ ಕುದುರೆಯ ಕಾಲು ಹೂಳುವ ಮರಳು ಸಿಕ್ಕಿ, ಅವರು ಎಡಕ್ಕೆ ತಿರುಗಿ ಕಾರ್ಮೆಲ್ ಬೆಟ್ಟದ ಬುಡದಿಂದ ಮುನ್ನುಗ್ಗಬೇಕಾಯಿತು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಅಲ್ಲಿ ಮಡಿದ. ಮೈಸೂರಿನವರು ಪಕ್ಕದಿಂದ ಗುಂಡು ಹಾರಿಸಿ ಅವರಿಗೆ ಆಸರೆಯಾಗಿದ್ದು, ಆಮೇಲೆ ಕುದುರೆ ಏರಿ ಹಿಂಬಾಲಿಸಿದರು. ಮೈಸೂರಿನದೇ ಒಂದು ತುಕಡಿ ಮೇಲಿದ್ದ ಫಿರಂಗಿಗಳನ್ನು ಹಿಡಿಯಲೆಂದು ಕಡಿದಾದ ಹಾದಿಯಲ್ಲಿ ಕಾರ್ಮೆಲ್ ಬೆಟ್ಟ ಹತ್ತಿತು.

"ಬೆಟ್ಟ ಹತ್ತುವುದರಲ್ಲಿ ಏನು ಸಾರ್ ನೋಡುವುದಿದೆ?" ಎಂದು ಒಬ್ಬ ಕೇಳಿದ. ಅವನ ಮುಂದೆ ಒಂದು ಅಂಕಿಅಂಶ ಇಟ್ಟೆ. ಆ ದಿನ ನಮ್ಮ ಕಡೆ ಸತ್ತವರು 8 ಮಂದಿ, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ಸೆರೆ ಸಿಕ್ಕ ಶತ್ರುಗಳ ಸಂಖ್ಯೆ 1,350 ಎಂಬುದನ್ನು ಅವರು ಆಗಲೇ ಬಾಯಿಪಾಠ ಮಾಡಿದ್ದರು. ಕುದುರೆಗಳ ಲೆಕ್ಕವನ್ನು ಯಾರೂ ನೋಡಿರಲಿಲ್ಲ. ಹೀಗಾಗಿ ನಮ್ಮ ದೃಶ್ಯ ಬದಲಾಯಿತು: ಕಲ್ಲುಹಾದಿಯಲ್ಲಿ ಮುಗ್ಗರಿಸಿ ಬಿದ್ದ ಒಂದು ಕುದುರೆ, ಲಗಾಮು ಹಿಡಿದು ನಿಂತ ಅದರ ಸವಾರ, ಮುಂದೆ ಏರುತ್ತಿರುವ ಇಬ್ಬರು, ಅವರಲ್ಲಿ ಹಿಂತಿರುಗಿ ನೋಡುತ್ತಿರುವ ಒಬ್ಬ.

ಇನ್ನು ಲೆಕ್ಕ. ನಾವು ಆರಿಸಿದ್ದು 1:35ರ ಅಳತೆ. ಐದೂವರೆ ಅಡಿಯ ಸವಾರ ಐದು ಸೆಂಟಿಮೀಟರಿಗೆ ತುಸು ಕಡಿಮೆಯಾಗುತ್ತಾನೆ. 9 ಅಡಿಯ ಈಟಿ ಎಂಟು ಸೆಂಟಿಮೀಟರಿಗೆ ಹತ್ತಿರ. ತೆಂಗಿನ ಪೊರಕೆಯ ಒಂದು ಮಿಲಿಮೀಟರ್ ಕಡ್ಡಿ, ಮೂವತ್ತೈದು ಪಟ್ಟು ಹಿಗ್ಗಿಸಿದರೆ ಮೂರೂವರೆ ಸೆಂಟಿಮೀಟರ್ ದಪ್ಪದ ಬಿದಿರು! ಈಟಿಗೆ ಅದಕ್ಕಿಂತ ಒಳ್ಳೆಯ ಸಾಮಾನು ಯಾವ ಅಂಗಡಿಯಲ್ಲೂ ಸಿಗದು. ಅದೇ ಲೆಕ್ಕ ಮರಳಿನಲ್ಲಿ ನಮ್ಮನ್ನು ಕೆಡಿಸಿತು. ಹೊಳೆಯ ಮರಳಿನ ಒಂದು ಕಾಳು ಈ ಅಳತೆಯಲ್ಲಿ ಜಲ್ಲಿಕಲ್ಲು. ಹಾದಿಯ ಧೂಳಿಗೆ ಮಣ್ಣನ್ನು ಕಾಲುಚೀಲದಲ್ಲಿ ಸೋಸಬೇಕಾಯಿತು. 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಹಲಗೆಯಲ್ಲಿ ಹಿಡಿಸಿದ್ದು ಹದಿನಾಲ್ಕು ಮೀಟರ್ ಉದ್ದದ ಬೆಟ್ಟ ಮಾತ್ರ. ಇಡೀ ದಂಡನ್ನು ತುರುಕುವ ಆಸೆ ಅಲ್ಲಿಗೆ ತಾನಾಗಿ ಕರಗಿತು.

ಕರಗಿದ್ದು ಆಸೆಯೊಂದೇ ಅಲ್ಲ. ಥರ್ಮೋಕೋಲನ್ನು ಪದರ ಪದರವಾಗಿ ಅಂಟಿಸಿ ಕೊರೆದ ಬೆಟ್ಟದ ಮೇಲೆ ಒಬ್ಬ ಉತ್ಸಾಹಿ ಡಬ್ಬಿಯ ಸ್ಪ್ರೇ ಬಣ್ಣ ಹೊಡೆದ. ಅದರಲ್ಲಿರುವ ದ್ರಾವಕ ಥರ್ಮೋಕೋಲನ್ನು ತಿನ್ನುತ್ತದೆ. ಹತ್ತು ನಿಮಿಷದಲ್ಲಿ ಕಾರ್ಮೆಲ್ ಬೆಟ್ಟ ಜೇನುಗೂಡಿನಂತಾಯಿತು. ಸ್ಪರ್ಧೆಗೆ ಇನ್ನು ಹನ್ನೊಂದೇ ದಿನ. ಎಚ್ಚರಿಸಬೇಕಾಗಿದ್ದವನು ನಾನು. ಎರಡನೆಯ ಬೆಟ್ಟಕ್ಕೆ ಮೊದಲು ಫೆವಿಕಾಲ್ ಬಳಿದು ಪತ್ರಿಕೆಯ ಹಾಳೆಗಳನ್ನು ಹೊದಿಸಿ, ಮೇಲೆ ಪ್ಲಾಸ್ಟರ್ ಹಚ್ಚಿ ಒಣಗಿಸಿದೆವು.

ಅದಕ್ಕೆ ಹುಡುಗರು ಹಸಿರು ಬಣ್ಣದ ಮರದ ಹೊಟ್ಟು ಚೆಲ್ಲಲು ಸಿದ್ಧರಾದಾಗ ತಡೆದೆ. ಸೆಪ್ಟೆಂಬರ್ ಎಂದರೆ ನಮಗೆ ಮಳೆಗಾಲದ ಹಸಿರು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಸೆಪ್ಟೆಂಬರ್ ಹೊತ್ತಿಗೆ ತಿಂಗಳುಗಟ್ಟಲೆ ಹನಿ ಬಿದ್ದಿರುವುದಿಲ್ಲ. ಬಿಳಿಯ ಸುಣ್ಣಕಲ್ಲು, ನಡುನಡುವೆ ಕೆಂಪು ಮಣ್ಣು, ಒಣಗಿ ಹುಲ್ಲಿನ ಬಣ್ಣವೇ ಹೋದ ಹುಲ್ಲು, ಅಲ್ಲಲ್ಲಿ ಕುರುಚಲು ಪೊದೆ. ತೆಂಗಿನ ನಾರನ್ನು ಕತ್ತರಿಸಿ ನೆಟ್ಟಾಗ ಬಣ್ಣವನ್ನೇ ಹಚ್ಚಬೇಕಾಗಲಿಲ್ಲ.

ಕುದುರೆಯ ಕೆಲಸವೇ ಎಲ್ಲಕ್ಕಿಂತ ಕಷ್ಟ. ನಮಗೆ ದೊರೆತ ಕಿಟ್‌ನಲ್ಲಿದ್ದ ಕುದುರೆಗಳೆಲ್ಲ ಓಡುವಂಥವು. ಬಿದ್ದ ಕುದುರೆಯನ್ನು ಕೊಳ್ಳುವವರು ಕಡಿಮೆ ಎಂದು ತೋರುತ್ತದೆ. ಒಂದರ ಕಾಲುಗಳನ್ನು ಕೀಲುಗಳಲ್ಲಿ ಸಣ್ಣ ಗರಗಸದಿಂದ ಕೊಯ್ದು, ತಾಮ್ರದ ತಂತಿ ತೂರಿಸಿ, ಬೇಕಾದಂತೆ ಬಗ್ಗಿಸಿ, ಸಂದುಗಳಿಗೆ ಎಂ-ಸೀಲ್ ತುಂಬಿ ಉಜ್ಜಿದೆವು. ಆ ಭಾಗ ಮಾಡಿದವನು ರೈತರ ಮನೆಯ ಹುಡುಗ. ಒಳ್ಳೆಯ ಕೈ. ಆದರೆ ಅವನ ಕುದುರೆ ಏಳಲೆಂದು ಹಿಂಗಾಲುಗಳ ಮೇಲೆ ಬೆನ್ನೆತ್ತಿ, ಮುಂಗಾಲುಗಳನ್ನು ಮಡಿಸಿಯೇ ಇತ್ತು. ಅದು ಹಸು ಏಳುವ ಕ್ರಮ! ಹಟ್ಟಿಯಲ್ಲಿ ದಿನವೂ ಕಂಡದ್ದು ಅವನ ಬೆರಳಿಗೆ ಬಂದಿತ್ತು. ಮೈಸೂರಿನ ಟಾಂಗಾ ನಿಲ್ದಾಣಕ್ಕೆ ಹೋಗಿ ಒಂದು ಬೆಳಗ್ಗೆ ಕಾದು ಕುಳಿತ ಮೇಲೆ ಅವನೇ ಬಂದು ಹೇಳಿದ, "ಸಾರ್, ಕುದುರೆ ಮೊದಲು ಮುಂಗಾಲು ಚಾಚುತ್ತದೆ." ಮತ್ತೆ ಗರಗಸ.

ಬಣ್ಣದ ಬಗ್ಗೆ ಎರಡು ಮಾತು. ಚಿಕ್ಕ ವಸ್ತುವಿಗೆ ನಿಜವಾದ ಬಣ್ಣವನ್ನೇ ಹಚ್ಚಿದರೆ ಕಪ್ಪಾಗಿ ಕಾಣುತ್ತದೆ. ದೂರದ ವಸ್ತು ಕಣ್ಣಿಗೆ ತಿಳಿಯಾಗಿ ತೋರುವುದರಿಂದ, ಖಾಕಿಗೆ ಸ್ವಲ್ಪ ಬಿಳಿ ಬೆರೆಸಬೇಕು. ಅಪ್ಪಟ ಕಪ್ಪನ್ನು ಎಲ್ಲಿಯೂ ಬಳಸಬೇಡಿ, ಬೂಟಿಗೂ ಬೇಡ. ಪೋಸ್ಟರ್ ಬಣ್ಣ ಬರಿಯ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ, ಕೆಳಗೊಂದು ಪ್ರೈಮರ್ ಲೇಪ ಬೇಕೇ ಬೇಕು. ಕುದುರೆಗೆ ಕಂದು ತೈಲವರ್ಣ ಬಳಿದು, ಒಣಗುವ ಮೊದಲೇ ಬಹುಪಾಲನ್ನು ಬಟ್ಟೆಯಿಂದ ಒರೆಸಿದರೆ ಮೈಯ ಉಬ್ಬುತಗ್ಗು ಎದ್ದು ಕಾಣುತ್ತದೆ. ಧೂಳಿಗೆ ಪೇಸ್ಟಲ್ ಕಡ್ಡಿಯನ್ನು ಪುಡಿ ಮಾಡಿ ಉದುರಿಸಿದೆವು. ಕತ್ತಿನ ಪಕ್ಕದಲ್ಲಿ, ಜೀನಿನ ಪಟ್ಟಿಯ ಕೆಳಗೆ ಧೂಳನ್ನು ಸೀಳಿ ಬೆವರು ಇಳಿದ ಕಪ್ಪು ಗೆರೆಗಳು. ಸೆಪ್ಟೆಂಬರ್ 19ರಿಂದ ನಡೆಯುತ್ತಿದ್ದ ಕಾಳಗದಲ್ಲಿ ದಣಿದ ಪ್ರಾಣಿ ಅದು. ಹೊಳೆಯುವ ಮೈ ಅದಕ್ಕೆ ಸಲ್ಲದು.

ಹಲಗೆಯ ಅಂಚಿಗೆ ಒಂದು ಚೀಟಿ ಅಂಟಿಸಿದೆವು. ಸ್ಥಳ, ದಿನಾಂಕ, ದಂಡಿನ ಹೆಸರು ಇತಿಹಾಸದ್ದು, ಈ ಮೂವರು ಮತ್ತು ಈ ಕುದುರೆ ನಮ್ಮ ಕಲ್ಪನೆ ಎಂದು ಅದರಲ್ಲಿ ಬರೆದಿತ್ತು. ಹಾಗೆ ಬರೆದರೆ ಅಂಕ ಹೋಗುತ್ತದೆಂದು ಹುಡುಗರಿಗೆ ಭಯ. ಹೋಗಲಿ ಎಂದೆ.

ತೀರ್ಪುಗಾರರು ಚಿಕ್ಕ ಟಾರ್ಚ್ ಹಿಡಿದು ಬಂದರು. ಇಂಥ ಸ್ಪರ್ಧೆಗಳಲ್ಲಿ ಮೊದಲು ನೋಡುವುದು ಜೋಡಣೆಯ ಶುದ್ಧಿ. ಅಂಟು ಸೋರಿದೆಯೆ, ಎರಡು ಅರ್ಧಗಳು ಸೇರಿದ ಗೆರೆ ಉಳಿದಿದೆಯೆ ಎಂದು ಪರೀಕ್ಷಿಸಿದ ಮೇಲೆ ಬಣ್ಣ, ಆಮೇಲೆ ಕಥೆ. ಒಬ್ಬರು ಬಹಳ ಹೊತ್ತು ಬಗ್ಗಿ ನೋಡಿ, "ಇವರಲ್ಲಿ ಮುಖ್ಯ ವ್ಯಕ್ತಿ ಯಾರು?" ಎಂದು ಕೇಳಿದರು. ರೈತರ ಮನೆಯ ಹುಡುಗ ಮಾತಾಡದೆ ಕುದುರೆಯತ್ತ ಕೈ ತೋರಿಸಿದ. ಅವರು ತಲೆಯಾಡಿಸಿ, ಟಾರ್ಚನ್ನು ಕುದುರೆಯ ಎಡಗೆನ್ನೆಗೆ ಹಿಡಿದರು. ಲಗಾಮು ಬಲಕ್ಕೆ ಮಾತ್ರ ಇತ್ತು. ಎಡಗಡೆಯದು ಕಾಲನ್ನು ಎರಡನೆಯ ಸಲ ಕೊಯ್ಯುವಾಗ ಉದುರಿದ್ದು, ಮತ್ತೆ ಹಾಕಲು ನಾವು ನಾಲ್ವರೂ ಮರೆತಿದ್ದೆವು.

ಮೂರನೆಯ ಸ್ಥಾನ ಬಂತು. ಮೊದಲ ಬಹುಮಾನ ಪಡೆದದ್ದು ಒಂದು ಟ್ಯಾಂಕಿನ ಮಾದರಿ. ನಿಜಕ್ಕೂ ಚೆನ್ನಾಗಿತ್ತು, ಅದರಲ್ಲಿ ಒಂದೇ ಒಂದು ಜೋಡಣೆಯ ಗೆರೆ ಕಾಣುತ್ತಿರಲಿಲ್ಲ. ಮರಳುವಾಗ ಬಸ್ಸಿನಲ್ಲಿ ಹುಡುಗ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಮಾರನೆಯ ಬೆಳಗ್ಗೆ ಸಿಗರೇಟಿನ ಪೊಟ್ಟಣದ ತೆಳು ತಗಡನ್ನು ಕೂದಲೆಳೆಯಷ್ಟು ಅಗಲಕ್ಕೆ ಕತ್ತರಿಸಿ, ಎಡಗಡೆಯ ಲಗಾಮನ್ನು ಅಂಟಿಸುತ್ತ ಕುಳಿತಿದ್ದ.