ಊರು ಬದಲಾದರೂ ನಡೆಯುವ ಪ್ರೋಗ್ರಾಂ
(ಮಹಿಳಾ ವೇದಿಕೆಯಲ್ಲಿ ಮಾಡಿದ ಭಾಷಣದ ಬರಹರೂಪ)



"ಕಂಪ್ಯೂಟರ್ ವಿಷಯ ಮಾತಾಡು, ಆದರೆ ನಮಗೂ ತಿಳಿಯಬೇಕು" ಎಂದು ಅಕ್ಕಂದಿರು ಹೇಳಿದ್ದಾರೆ. ಹಾಗಾಗಿ ನಮ್ಮ ಪುಣೆಯಿಂದಲೇ ಶುರು ಮಾಡುತ್ತೇನೆ.

1988ರಲ್ಲಿ ಇಲ್ಲಿ ಸಿ-ಡ್ಯಾಕ್ ಸಂಸ್ಥೆ ಆರಂಭವಾಯಿತು. ಡಾ. ವಿಜಯ ಭಟ್ಕರ್ ಅವರ ಮುಂದಾಳತ್ವದಲ್ಲಿ 1991ರಲ್ಲಿ ಪರಮ್ 8000 ಸೂಪರ್‌ಕಂಪ್ಯೂಟರ್ ಸಿದ್ಧವಾಯಿತು. ಅದರಲ್ಲಿದ್ದದ್ದು ಟ್ರಾನ್ಸ್‌ಪ್ಯೂಟರ್ ಎಂಬ ಚಿಪ್. 1998ರ ಪರಮ್ 10000ಕ್ಕೆ ಅಲ್ಟ್ರಾಸ್ಪಾರ್ಕ್ ಚಿಪ್, ಸೊಲಾರಿಸ್ ಆಪರೇಟಿಂಗ್ ಸಿಸ್ಟಂ. ಆಮೇಲೆ ಬೆಂಗಳೂರಿನಲ್ಲಿ ನೆಲೆಯಾದ ಪರಮ್ ಪದ್ಮಕ್ಕೆ ಐಬಿಎಂ ಪವರ್4 ಚಿಪ್, ಎಐಎಕ್ಸ್ ಸಿಸ್ಟಂ. 2008ರ ಪರಮ್ ಯುವಕ್ಕೆ ಇಂಟೆಲ್ ಚಿಪ್, ಲಿನಕ್ಸ್.

ಹದಿನೇಳು ವರ್ಷದಲ್ಲಿ ನಾಲ್ಕು ಬಗೆಯ ಯಂತ್ರ! ವರ್ಗಾವಣೆಯ ನೌಕರಿಯವರ ಸಂಸಾರದ ಹಾಗೆ. ಯಂತ್ರ ಹಳತಾಯಿತೆಂದು ವರ್ಷಗಟ್ಟಲೆ ಕೂತು ಬರೆದ ಪ್ರೋಗ್ರಾಂ ಎಸೆಯಲಾಗುತ್ತದೆಯೇ? ಅದೂ ಹೊಸ ಮನೆಗೆ ಬರಬೇಕು. ಹೀಗೆ ಬರಬಲ್ಲ ಪ್ರೋಗ್ರಾಮಿಗೆ ಪೋರ್ಟಬಲ್ ಎನ್ನುತ್ತೇವೆ.

ನಾವು ಸಿ ಭಾಷೆಯಲ್ಲಿ ಬರೆಯುವುದು ಸೋರ್ಸ್ ಕೋಡ್. ಅದನ್ನು ಆಯಾ ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. 1973ರಲ್ಲಿ ಯುನಿಕ್ಸ್ ಸಿಸ್ಟಮನ್ನು ಸಿ ಭಾಷೆಯಲ್ಲಿ ಮತ್ತೆ ಬರೆದರು. ಅದು ಯಂತ್ರದಿಂದ ಯಂತ್ರಕ್ಕೆ ಹೋಗಲು ಸಾಧ್ಯವಾದದ್ದು ಇದರಿಂದಲೇ. ಆದರೆ ಸಿ ಭಾಷೆಯಲ್ಲಿ ಬರೆದ ಮಾತ್ರಕ್ಕೆ ಪ್ರೋಗ್ರಾಂ ಎಲ್ಲ ಕಡೆ ನಡೆಯುವುದಿಲ್ಲ. ಮೂರು ಕಡೆ ಎಡವುತ್ತದೆ.

ಮೊದಲನೆಯದು ಅಳತೆ. "ಒಂದು ಲೋಟ ಅಕ್ಕಿ" ಎಂದರೆ ಯಾರ ಮನೆಯ ಲೋಟ? 'ಲಾಂಗ್' ಎಂಬ ಸಂಖ್ಯೆ 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್. ದೊಡ್ಡ ಸಂಖ್ಯೆ ಇಲ್ಲಿ ಹಿಡಿಸುತ್ತದೆ, ಅಲ್ಲಿ ಚೆಲ್ಲುತ್ತದೆ. ಆದ್ದರಿಂದ 1999ರ ಸಿ ಮಾನದಂಡ ಕೊಟ್ಟ 'ಇಂಟ್64_ಟಿ'ಯಂಥ ನಿಶ್ಚಿತ ಅಳತೆ ಬಳಸಬೇಕು. ಲೋಟ ಬಿಟ್ಟು ಗ್ರಾಂನಲ್ಲಿ ಹೇಳಿದ ಹಾಗೆ.

ಎರಡನೆಯದು ಬೈಟ್‌ಗಳ ಕ್ರಮ. ಅಲ್ಟ್ರಾಸ್ಪಾರ್ಕ್, ಪವರ್4 ಯಂತ್ರಗಳಲ್ಲಿ ಸಂಖ್ಯೆಯ ದೊಡ್ಡ ಬೈಟ್ ಮೊದಲು, ಇಂಟೆಲ್‌ನಲ್ಲಿ ಚಿಕ್ಕ ಬೈಟ್ ಮೊದಲು. ಅಲ್ಲಿ ನಾಲ್ಕು ಬೈಟ್‌ಗಳಲ್ಲಿ 1 ಎಂದು ಬರೆದಿಟ್ಟ ಫೈಲನ್ನು ಇಲ್ಲಿ ಹಾಗೆಯೇ ಓದಿದರೆ 16777216 ಎಂದು ಬರುತ್ತದೆ! ಫೈಲಿಗೆ ಯಾವ ಕ್ರಮ ಎಂದು ಮೊದಲೇ ಗೊತ್ತು ಮಾಡಿ, ಅದೇ ಕ್ರಮದಲ್ಲಿ ಬರೆದು ಓದಬೇಕು.

ಮೂರನೆಯದು ನಮ್ಮದೇ ವಿಷಯ. 'ಕನ್ನಡ' ಎಂಬ ಪದ ಕಣ್ಣಿಗೆ ಮೂರೇ ಅಕ್ಷರ. ಯುನಿಕೋಡ್‌ನಲ್ಲಿ ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ಈ ಬೈಟ್‌ಗಳ ಬೆಲೆಯೆಲ್ಲ 127ಕ್ಕಿಂತ ಹೆಚ್ಚು. ಸಿ ಭಾಷೆಯ 'ಚಾರ್' ಇಂಟೆಲ್ ಲಿನಕ್ಸ್‌ನಲ್ಲಿ ಇವನ್ನು ಋಣ ಸಂಖ್ಯೆಯಾಗಿ ಕಾಣುತ್ತದೆ, ಆರ್ಮ್ ಚಿಪ್‌ನ ಲಿನಕ್ಸ್‌ನಲ್ಲಿ ಧನ ಸಂಖ್ಯೆಯಾಗಿ. "127ಕ್ಕಿಂತ ಹೆಚ್ಚೇ?" ಎಂದು ಕೇಳಿದರೆ ಒಂದು ಯಂತ್ರ ಇಲ್ಲ ಎನ್ನುತ್ತದೆ, ಇನ್ನೊಂದು ಹೌದು ಎನ್ನುತ್ತದೆ. 'ಅನ್‌ಸೈನ್ಡ್ ಚಾರ್' ಎಂದು ಬರೆದರೆ ಈ ಜಗಳವಿಲ್ಲ.

ಗಮನಿಸಿ, ಇಂಗ್ಲಿಷ್ ಅಕ್ಷರಗಳ ಬೆಲೆ 127 ದಾಟುವುದಿಲ್ಲ. ಇಂಗ್ಲಿಷ್ ಹೆಸರಿಟ್ಟು ಪರೀಕ್ಷೆ ಮಾಡಿದರೆ ಈ ದೋಷ ಕಾಣುವುದೇ ಇಲ್ಲ. ಕನ್ನಡದ ಹೆಸರು ಬಂದ ದಿನ ಪ್ರೋಗ್ರಾಂ ಎಡವುತ್ತದೆ. ಅರ್ಜಿಯಲ್ಲಿ ಅಜ್ಜಿಯ ಹೆಸರು ಅರ್ಧಕ್ಕೆ ತುಂಡಾದರೆ ತೊಂದರೆ ಯಾರಿಗೆ? ಅಜ್ಜಿಗೆ. ಅದಕ್ಕೇ ಪರೀಕ್ಷೆಯ ಪಟ್ಟಿಯಲ್ಲಿ ನಮ್ಮ ಒತ್ತಕ್ಷರದ ಹೆಸರುಗಳೂ ಇರಬೇಕು. ಅದನ್ನು ಸೇರಿಸಬೇಕಾದವರು ಈ ಕೆಲಸದಲ್ಲಿರುವ ನಾವೇ.

ಕಾಲೇಜಿನಲ್ಲಿರುವ ಹೆಣ್ಣುಮಕ್ಕಳಿಗೂ, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಹೊರಟಿರುವ ಗೆಳತಿಯರಿಗೂ ಒಂದು ಮಾತು. ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ಲಿನಕ್ಸ್ ಹಾಕಿ. ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರ್ ಉಚಿತ. ಎಚ್ಚರಿಕೆಗಳನ್ನೆಲ್ಲ ತೋರಿಸುವಂತೆ ಮಾಡಿ, ನಿಮ್ಮ ಪ್ರೋಗ್ರಾಮನ್ನು ವಿಂಡೋಸ್, ಲಿನಕ್ಸ್ ಎರಡರಲ್ಲೂ ಮೊದಲ ವಾರದಿಂದಲೇ ಕಂಪೈಲ್ ಮಾಡಿ. ಕೊನೆಗೆ ಮಾಡೋಣ ಎಂದು ಬಿಟ್ಟರೆ ಗಂಟು ಬಿಡಿಸುವುದೇ ಕೆಲಸವಾಗುತ್ತದೆ.