ಗುಂಡು ತಾಕಿದ ಮೇಲಿನ ಬದುಕು



ಪ್ರತಿ ವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ಆಚರಿಸುತ್ತಾರೆ. 1949ರಿಂದ ನಡೆದುಬಂದ ಪದ್ಧತಿ ಇದು. ಶಾಲೆಯಲ್ಲಿ ಒಂದೋ ಎರಡೋ ರೂಪಾಯಿ ಕೊಟ್ಟು ಪುಟ್ಟ ಬಾವುಟವನ್ನು ಅಂಗಿಗೆ ಚುಚ್ಚಿಕೊಂಡದ್ದು ನಿಮಗೂ ನೆನಪಿರಬಹುದು. ಆ ದುಡ್ಡು ಮಡಿದ ಸೈನಿಕರ ಕುಟುಂಬಗಳಿಗೆ, ಮಾಜಿ ಸೈನಿಕರಿಗೆ ಮತ್ತು ಯುದ್ಧದಲ್ಲಿ ಗಾಯಗೊಂಡು ಮರಳಿದವರಿಗೆ ಸಲ್ಲುತ್ತದೆ. ಇವತ್ತಿನ ನನ್ನ ಮಾತು ಈ ಮೂರನೆಯವರ ಬಗ್ಗೆ.

ನಮ್ಮ ಕನ್ನಡ ನಾಡಿನ ಊರೂರಲ್ಲಿ ವೀರಗಲ್ಲುಗಳಿವೆ. ಕೆಳಗಿನ ಹಂತದಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಮಡಿದವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಟ್ಟುಕೊಟ್ಟ ಸಂಗತಿ ಶಾಸನಗಳಲ್ಲಿ ಸಿಗುತ್ತದೆ. ಆದರೆ ಕೈಯೋ ಕಾಲೋ ಕಳೆದುಕೊಂಡು ಊರಿಗೆ ವಾಪಸು ಬಂದವನ ಮುಂದಿನ ದಿನಗಳ ಕಥೆಯನ್ನು ಈ ಕಲ್ಲುಗಳು ಹೇಳುವುದಿಲ್ಲ. ಅವನು ಮರುದಿನ ಬೆಳಿಗ್ಗೆ ಎದ್ದು ಏನು ಮಾಡಿದ? ಅವನ ಸಂಸಾರ ಹೇಗೆ ನಡೆಯಿತು?

ಈ ಪ್ರಶ್ನೆಗೆ ಉತ್ತರ ಹುಡುಕಲು ಭೋಸರಿಯವರಾದ ನಾವು ದೂರ ಹೋಗಬೇಕಿಲ್ಲ. ನಮ್ಮ ಪಿಂಪ್ರಿ-ಚಿಂಚವಡದಲ್ಲೇ ನೆಲೆಸಿದ ಮುರಳಿಕಾಂತ ಪೇಟಕರ ಅವರ ಬದುಕನ್ನು ನೋಡಿದರೆ ಸಾಕು. ಸಾಂಗ್ಲಿ ಜಿಲ್ಲೆಯಲ್ಲಿ 1944ರಲ್ಲಿ ಹುಟ್ಟಿದವರು. ಹುಡುಗರಾಗಿದ್ದಾಗಲೇ ಸೈನ್ಯ ಸೇರಿ ಒಳ್ಳೆಯ ಬಾಕ್ಸರ್ ಎನಿಸಿಕೊಂಡಿದ್ದರು. 1965ರ ಯುದ್ಧದಲ್ಲಿ ಅವರ ಮೈಗೆ ಹಲವು ಗುಂಡುಗಳು ಹೊಕ್ಕವು. ಒಂದು ಬೆನ್ನುಹುರಿಯ ಬಳಿ ಉಳಿದೇಬಿಟ್ಟಿತು. ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಬಾಕ್ಸಿಂಗ್ ಅಲ್ಲಿಗೆ ಮುಗಿಯಿತು. ಆಗ ಅವರಿಗೆ ಇಪ್ಪತ್ತೊಂದರ ಆಸುಪಾಸು.

ಮುಂಬಯಿಯ ನೌಕಾದಳದ ಆಸ್ಪತ್ರೆ ಅಶ್ವಿನಿಯಲ್ಲಿ ಚಿಕಿತ್ಸೆ ನಡೆಯಿತು. ವ್ಯಾಯಾಮಕ್ಕೆಂದು ಈಜಲು ಹೇಳಿದರು. ಚಿಕಿತ್ಸೆಯಾಗಿ ಶುರುವಾದ ಈಜು ಹೊಸ ಬದುಕೇ ಆಯಿತು. 1968ರಲ್ಲಿ ಟೆಲ್ ಅವೀವ್‌ನ ಪ್ಯಾರಾಲಿಂಪಿಕ್ಸ್‌ನಲ್ಲಿ ಟೇಬಲ್ ಟೆನಿಸ್ ಆಡಿದರು. ವಿದೇಶಕ್ಕೆ ಹೋಗಲು ಕ್ರಿಕೆಟಿಗ ವಿಜಯ್ ಮರ್ಚೆಂಟ್ ನೆರವಾದರು. 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದು. ಒಲಿಂಪಿಕ್ಸ್‌ನಲ್ಲಿ ಭಾರತೀಯನೊಬ್ಬ ವೈಯಕ್ತಿಕ ಚಿನ್ನ ಗೆಲ್ಲಲು 2008ರವರೆಗೆ, ಅಂದರೆ ಇನ್ನೂ 36 ವರ್ಷ ಕಾಯಬೇಕಾಯಿತು.

ಸಾಮಾನ್ಯವಾಗಿ ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ಕೇಳುತ್ತಾರೆ. ನನಗೆ ಮುಖ್ಯವೆನಿಸುವುದು ಆಮೇಲಿನ ಭಾಗ. ಪದ್ಮಶ್ರೀ ಬಂದದ್ದು 2018ರಲ್ಲಿ. ಅವರ ಬದುಕನ್ನು ಆಧರಿಸಿದ ‘ಚಂದು ಚಾಂಪಿಯನ್’ ಸಿನಿಮಾ 2024ರಲ್ಲಿ ಬಂತು. ಜೀವಮಾನದ ಸಾಧನೆಗೆ ಅರ್ಜುನ ಪ್ರಶಸ್ತಿ 2025ರ ಜನವರಿಯಲ್ಲಿ ಕೈಸೇರಿತು. ಚಿನ್ನಕ್ಕೂ ಪದ್ಮಶ್ರೀಗೂ ನಡುವೆ 46 ವರ್ಷ! ಅಷ್ಟು ವರ್ಷ ಅವರನ್ನು ನಡೆಸಿದ್ದು ಯಾವುದು? ನಮ್ಮ ಟೆಲ್ಕೋ ಕಂಪನಿಯ ನೌಕರಿ, ಇವತ್ತು ನಾವು ಟಾಟಾ ಮೋಟರ್ಸ್ ಎನ್ನುತ್ತೇವಲ್ಲ, ಅದೇ. ದಾನ ಬೇಡ, ಕೆಲಸ ಕೊಡಿ ಎಂದು ಕೇಳಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಪಾಳಿ, ಸಂಬಳ, ಜೊತೆಗಾರರು ಎಂದರೆ ಏನೆಂದು ಎಂಐಡಿಸಿಯಲ್ಲಿ ದುಡಿಯುವ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಭೋಸರಿಯಿಂದ ನಾಶಿಕ ಫಾಟಾ ದಾಟಿ, ದಾಪೋಡಿಯ ಹ್ಯಾರಿಸ್ ಸೇತುವೆ ಮೇಲಿಂದ ಮುಂದೆ ಹೋದರೆ ಖಡಕಿ. ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರ 1974ರಿಂದ ಅಲ್ಲಿದೆ. ಅಂಗವಿಕಲ ಸೈನಿಕರಿಗೆ ಕಸುಬು ಕಲಿಸುವ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯೂ ಅಲ್ಲೇ ಇದೆ. ಮೊದಲನೇ ಮಹಾಯುದ್ಧದ ಗಾಯಾಳುಗಳಿಗಾಗಿ 1917ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಆಮೇಲೆ ಇಲ್ಲಿಗೆ ಬಂದದ್ದು ಅದು. ಪುಣೆಯ ಕೃತಕ ಅಂಗ ಕೇಂದ್ರ 1944ರದು. ಹೀಗೆ ಗಾಯಾಳು ಸೈನಿಕರ ಮಟ್ಟಿಗೆ ನಮ್ಮ ಪುಣೆ ದೇಶಕ್ಕೇ ಒಂದು ತವರುಮನೆ.

ಆದರೆ ಈ ಗಾಯ ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಮುಗಿಯುವುದಿಲ್ಲ. ಬೆನ್ನುಹುರಿ ಪೆಟ್ಟಾದವರಿಗೆ ಸ್ಪರ್ಶ ತಿಳಿಯದ್ದರಿಂದ ಒಂದೇ ಮಗ್ಗುಲಲ್ಲಿ ಮಲಗಿದರೆ ಹಾಸಿಗೆ ಹುಣ್ಣಾಗುತ್ತದೆ. ತಾವೇ ಹೊರಳಲಾರದವರನ್ನು ರಾತ್ರಿಯಲ್ಲೂ ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಮೂತ್ರದ ಸೋಂಕಿನ ಭಯ ಸದಾ ಇರುತ್ತದೆ. ಕಾಲು ಕಳೆದುಕೊಂಡವರಿಗೆ ಇಲ್ಲದ ಪಾದ ನೋಯುತ್ತದೆ. ಮೊಂಡುಗಾಲಿನ ಅಳತೆ ಬದಲಾದಂತೆ ಕೃತಕ ಕಾಲನ್ನು ಮತ್ತೆ ಮತ್ತೆ ಹೊಂದಿಸಬೇಕು. ಇದೆಲ್ಲದರಲ್ಲಿ ಹೆಂಡತಿ, ತಾಯಿ, ಮಕ್ಕಳು ಪಾಲುದಾರರು. ಅವರ ಎದೆಯ ಮೇಲೆ ಯಾರೂ ಪದಕ ಚುಚ್ಚುವುದಿಲ್ಲ.

ಹಾಗೆಂದು ದಾರಿ ಮುಚ್ಚಿಹೋಗುವುದೂ ಇಲ್ಲ. ಇಯಾನ್ ಕಾರ್ಡೋಜೊ 1971ರ ಯುದ್ಧದಲ್ಲಿ ನೆಲಬಾಂಬಿಗೆ ಸಿಕ್ಕ ತಮ್ಮ ಕಾಲನ್ನು ತಾವೇ ಖುಕ್ರಿಯಿಂದ ಕತ್ತರಿಸಿಕೊಂಡರು. ಕೃತಕ ಕಾಲಿನಲ್ಲೇ ಬೆಟಾಲಿಯನ್ ಮುನ್ನಡೆಸಿ, ಮೇಜರ್ ಜನರಲ್ ಆಗಿ ನಿವೃತ್ತರಾದರು. ನಮ್ಮ ಕನ್ನಡಿಗರಾದ ಕ್ಯಾಪ್ಟನ್ ನವೀನ್ ನಾಗಪ್ಪ ಅವರಿಗೆ 1999ರ ಜುಲೈನಲ್ಲಿ, ಕಾರ್ಗಿಲ್‌ನ 4875 ಶಿಖರದ ಹೋರಾಟದಲ್ಲಿ, ಗ್ರೆನೇಡ್ ಸಿಡಿದು ಕಾಲುಗಳಿಗೆ ತೀವ್ರ ಗಾಯವಾಯಿತು. ದೀರ್ಘಕಾಲ ಆಸ್ಪತ್ರೆಯಲ್ಲಿದ್ದರು, ಸೈನ್ಯ ಬಿಡಬೇಕಾಯಿತು. ಆಮೇಲೆ ಎಂಜಿನಿಯರಿಂಗ್ ಸೇವೆಯ ಪರೀಕ್ಷೆ ಪಾಸು ಮಾಡಿ ಮಿಲಿಟರಿ ಎಂಜಿನಿಯರ್ ಸರ್ವೀಸಸ್ ಸೇರಿದರು. ಅಂದರೆ ಅವರ ಕಾಲಿಗೆ ಆದ ಗಾಯ ಅವರ ಓದಿಗೆ ಆಗಿರಲಿಲ್ಲ.

ಭೋಸರಿಯಲ್ಲಿ ಸಣ್ಣ ಶೆಡ್ಡು, ವರ್ಕ್‌ಶಾಪು ನಡೆಸುವ ಕನ್ನಡಿಗರು ಅನೇಕರಿದ್ದೀರಿ. ನಿಮ್ಮಲ್ಲಿ ಒಂದು ವಿನಂತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇಕಡ 4ರಷ್ಟು ಮೀಸಲಿಟ್ಟಿದೆ. ಖಾಸಗಿ ಶೆಡ್ಡಿಗೆ ಆ ಕಟ್ಟುಪಾಡಿಲ್ಲ, ಅಲ್ಲಿ ಮಾಲೀಕನ ಮನಸ್ಸೇ ಕಾಯ್ದೆ. ಮಾಜಿ ಸೈನಿಕ ಎಂದಕೂಡಲೇ ಗೇಟಿನ ಬಳಿ ಕುರ್ಚಿ ಹಾಕಿಕೊಡುವುದು ನಮ್ಮ ರೂಢಿ. ಅದರ ಬದಲು “ನಿಮಗೆ ಯಾವ ಕೆಲಸ ಬರುತ್ತದೆ ಸಾಹೇಬರೇ?” ಎಂದು ಕೇಳಿ ನೋಡಿ. ಸೈನ್ಯದಲ್ಲಿ ವೆಲ್ಡಿಂಗ್, ವೈರಿಂಗ್, ಎಂಜಿನ್ ರಿಪೇರಿ, ಸ್ಟೋರಿನ ಲೆಕ್ಕ ಎಲ್ಲ ಕಲಿತವರಿರುತ್ತಾರೆ. ಕುಳಿತು ಮಾಡುವ ಕೆಲಸ ಯಾವ ಶೆಡ್ಡಿನಲ್ಲಿಲ್ಲ? ಬಾಗಿಲಲ್ಲಿ ಎರಡು ಮೆಟ್ಟಿಲಿದ್ದರೆ ಪಕ್ಕದಲ್ಲಿ ಒಂದು ಇಳಿಜಾರು ಮಾಡಿಸಲು ಎಷ್ಟು ಸಿಮೆಂಟು ಬೇಕು?

ಊರಲ್ಲಿ ನಿಮ್ಮ ನೆಂಟರಿಷ್ಟರಲ್ಲಿ ಗಾಯಗೊಂಡು ಮರಳಿದ ಸೈನಿಕರಿದ್ದರೆ, ಪಿಂಚಣಿ ಮತ್ತು ಇತರ ಸೌಲಭ್ಯಗಳ ಬಗ್ಗೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಲು ಹೇಳಿ. ಅರ್ಜಿ ಬರೆಯಲು ಕೈ ನಡೆಯದಿದ್ದರೆ ನೀವೇ ಬರೆದುಕೊಡಿ.

ಶಾಲು ಹೊದಿಸುವ ಕಾರ್ಯಕ್ರಮ ಅರ್ಧ ಗಂಟೆಯದು. ಗಾಯಗೊಂಡ ಸೈನಿಕನ ಎದುರಿಗಿರುವುದು ನಲವತ್ತು, ಐವತ್ತು ವರ್ಷ. ಆ ವರ್ಷಗಳಿಗೆ ಬೇಕಾದದ್ದು ಒಂದು ಕೆಲಸ, ಒಳಗೆ ಬರಲು ಒಂದು ದಾರಿ, ಮಧ್ಯಾಹ್ನ ಜೊತೆಗೆ ಕುಳಿತು ಡಬ್ಬಿ ಬಿಚ್ಚುವ ನಾಲ್ಕು ಜನ. ಇಷ್ಟನ್ನು ಕೊಡುವುದು ನಮ್ಮ ಕೈಯಲ್ಲಿದೆ.