ಮನೆಗೆ ಬಂದ ಚಿತ್ರಗಳು

ಚಲನಚಿತ್ರವನ್ನು ಕುರಿತು ಮಾತನಾಡಲು ನನಗಿರುವ ಅಧಿಕಾರ ಅಷ್ಟರಲ್ಲೇ ಇದೆ. ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಕನ್ನಡ ಸಾಹಿತ್ಯವನ್ನೂ ಕಾವ್ಯಮೀಮಾಂಸೆಯನ್ನೂ ಪಾಠ ಹೇಳಿದವನು ನಾನು. ಕ್ಯಾಮರಾದ ಕೆಲಸವಾಗಲಿ ಸಂಕಲನದ ಸೂಕ್ಷ್ಮವಾಗಲಿ ನನಗೆ ತಿಳಿಯದು. ಆದರೆ ನಿವೃತ್ತನಾದವನಿಗೆ ಸಂಜೆಗಳು ದೀರ್ಘವಾಗುತ್ತವೆ. ಒಂದು ಕಾಲಕ್ಕೆ ಟೂರಿಂಗ್ ಟಾಕೀಸಿನ ಡೇರೆಯನ್ನು ಹುಡುಕಿಕೊಂಡು ನಾವು ಹೋಗುತ್ತಿದ್ದೆವು. ಈಗ ಚಿತ್ರವೇ ನಮ್ಮನ್ನು ಹುಡುಕಿಕೊಂಡು ಅಂತರಜಾಲದ ಮೂಲಕ ನಡುಮನೆಗೆ ಬಂದು ಕುಳಿತಿದೆ. ಕಳೆದ ಕೆಲವು ತಿಂಗಳಲ್ಲಿ ಹೀಗೆ ಮನೆಯಲ್ಲಿ ಕುಳಿತು ನೋಡಿದ ನಾಲ್ಕು ಕನ್ನಡ ಚಿತ್ರಗಳನ್ನು ಕುರಿತು ಮನಸ್ಸಿಗೆ ಬಂದ ಒಂದೆರಡು ಮಾತುಗಳನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಇವುಗಳಲ್ಲಿ ಮೂರು, ನಾನು ತರಗತಿಯಲ್ಲಿ ಪಾಠ ಹೇಳಿದ ಕೃತಿಗಳಿಂದಲೇ ಹುಟ್ಟಿದವು. ನಾಲ್ಕನೆಯದು ನೇರವಾಗಿ ಹಳ್ಳಿಯ ಬೀದಿಯಿಂದ ಎದ್ದು ಬಂದದ್ದು.

ಕಾವ್ಯಮೀಮಾಂಸೆಯನ್ನು ಓದಿದವರಿಗೆ ‘ರಸವಿಘ್ನ’ ಎಂಬ ಮಾತು ಪರಿಚಿತವಾದುದು. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತನು ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆಯುತ್ತ, ರಸಾನುಭವಕ್ಕೆ ಅಡ್ಡ ಬರುವ ಏಳು ವಿಘ್ನಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಒಂದು, ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು. ಮಗಳ ಮದುವೆಯ ಸಾಲದಲ್ಲಿ ಮನಸ್ಸಿಟ್ಟು ಕುಳಿತವನ ಕಣ್ಣೆದುರಿಗೆ ಶಕುಂತಲೆಯೇ ಬಂದು ಅತ್ತರೂ ಅವನಿಗೆ ಅದು ಕಾಣುವುದಿಲ್ಲ. ಪರಿಹಾರವನ್ನೂ ಆತನೇ ಸೂಚಿಸುತ್ತಾನೆ: ವಾದ್ಯ, ಗಾನ, ಅಲಂಕೃತವಾದ ರಂಗಮಂಟಪ ಮೊದಲಾದವು ಪ್ರೇಕ್ಷಕನನ್ನು ಅವನ ಮನೆವಾರ್ತೆಯಿಂದ ಮೆಲ್ಲನೆ ಬಿಡಿಸಿ ತಮ್ಮ ಕಡೆಗೆ ಸೆಳೆದುಕೊಳ್ಳುತ್ತವೆ. ನಮ್ಮ ಕಾಲದ ಚಿತ್ರಮಂದಿರದ ಕತ್ತಲೆ ಈ ಕೆಲಸವನ್ನೇ ಮಾಡುತ್ತಿತ್ತು. ದೀಪ ಆರಿತೆಂದರೆ ಮೇಷ್ಟರೂ ಜವಾನನೂ ಒಂದೇ.

ಮನೆಯಲ್ಲಿ ಆ ಮಂಟಪವಿಲ್ಲ. ಕುಕ್ಕರಿನ ಸೀಟಿ, ಬಾಗಿಲ ಗಂಟೆ, ದೂರದ ಬಂಧುವಿನ ಫೋನ್ ಎಲ್ಲವೂ ಕಥೆಯ ನಡುವೆ ನುಗ್ಗುತ್ತವೆ. ಇವಕ್ಕಿಂತ ದೊಡ್ಡ ವಿಘ್ನ ನಮ್ಮ ಕೈಯಲ್ಲೇ ಇದೆ. ರಿಮೋಟ್ ಎಂಬ ಆ ಗೇಣುದ್ದದ ಸಾಧನದಿಂದ ಚಿತ್ರವನ್ನು ನಿಲ್ಲಿಸಬಹುದು, ಓಡಿಸಬಹುದು, ಬೇಡವೆನಿಸಿದರೆ ಮುಗಿಸಿಯೇ ಬಿಡಬಹುದು.

ಪುಸ್ತಕವನ್ನೂ ನಾವು ನಡುವೆ ಮಡಚಿ ಇಡುವುದಿಲ್ಲವೆ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ‘ಚೋಮನ ದುಡಿ’ಯನ್ನು ನೋಡುವಾಗ ಅದಕ್ಕೆ ನನಗೊಂದು ಉತ್ತರ ಹೊಳೆಯಿತು. ಶಿವರಾಮ ಕಾರಂತರ ಕಾದಂಬರಿ 1933ರದು, ಬಿ. ವಿ. ಕಾರಂತರು ಅದನ್ನು ಚಿತ್ರವಾಗಿಸಿದ್ದು 1975ರಲ್ಲಿ. ಆ ವರ್ಷದ ಸ್ವರ್ಣಕಮಲವೂ, ಚೋಮನಾದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿಯೂ ಬಂದವು. ಒಂದು ತುಂಡು ಭೂಮಿಯನ್ನು ತಾನೇ ಉಳಬೇಕೆಂಬ ಚೋಮನ ಆಸೆ ಮಣ್ಣುಗೂಡಿ, ಕೊನೆಗೆ ಅವನು ಗುಡಿಸಲಿನ ಬಾಗಿಲು ಮುಚ್ಚಿಕೊಂಡು ದುಡಿ ಬಾರಿಸುತ್ತ ಬಾರಿಸುತ್ತ ಪ್ರಾಣ ಬಿಡುತ್ತಾನೆ. ಪುಸ್ತಕದಲ್ಲಿ ಆ ದುಡಿ ಎಷ್ಟು ಹೊತ್ತು ಮೊಳಗಿತೆಂಬುದನ್ನು ಓದುಗನ ಮನಸ್ಸು ನಿರ್ಧರಿಸುತ್ತದೆ. ಮಡಚಿ ಇಟ್ಟರೂ ಕಾದಂಬರಿ ಕಾಯುತ್ತದೆ, ಏಕೆಂದರೆ ಓದಿನ ಕಾಲ ಓದುಗನದೇ. ಚಿತ್ರದಲ್ಲಿ ಕಾಲ ನಿರ್ದೇಶಕನದು. ದುಡಿ ಇಷ್ಟು ಹೊತ್ತು ಬಡಿಯಬೇಕು, ನಿಮ್ಮ ಕಿವಿ ಅದನ್ನು ತಾಳಲಾರದೆ ಹೋಗಬೇಕು ಎಂದು ಅವನು ಎಣಿಕೆ ಹಾಕಿರುತ್ತಾನೆ. ಗುಂಡಿಯೊತ್ತಿ ಅದನ್ನು ಅರ್ಧಕ್ಕೆ ಇಳಿಸಿದವನಿಗೆ ಚೋಮ ಸತ್ತನೆಂಬ ಸಮಾಚಾರ ಸಿಕ್ಕೀತು, ಚೋಮ ಸಿಕ್ಕುವುದಿಲ್ಲ.

ಎರಡನೆಯದು ‘ಘಟಶ್ರಾದ್ಧ’. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ ಕಪ್ಪುಬಿಳುಪಿನ ಚಿತ್ರ. ಅದಕ್ಕೂ ಸ್ವರ್ಣಕಮಲ ಬಂತು. ಶಿಥಿಲವಾಗುತ್ತಿದ್ದ ಈ ಚಿತ್ರವನ್ನು ಕಾಪಾಡಿ ಹೊಸದಾಗಿ ಸಿದ್ಧಪಡಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರೆಂಬುದು ನಮಗೆಲ್ಲ ಸಂತೋಷದ ಸಂಗತಿ. ಮಲೆನಾಡಿನ ಅಗ್ರಹಾರದಲ್ಲಿ ಉಡುಪರು ನಡೆಸುವ ವೇದಪಾಠಶಾಲೆ. ಅಲ್ಲಿಗೆ ಹೊಸದಾಗಿ ಬಂದ ನಾಣಿಯೆಂಬ ಬಾಲಕ. ಅವನಿಗೆ ತಾಯಿಯ ಮಡಿಲಿನಂತೆ ಒದಗುವವಳು ಉಡುಪರ ವಿಧವೆ ಮಗಳು ಯಮುನಾ. ಅವಳು ಗರ್ಭಿಣಿಯಾಗುತ್ತಾಳೆ. ಆಮೇಲಿನದನ್ನೆಲ್ಲ ನಾವು ಬಹುಮಟ್ಟಿಗೆ ಆ ಹುಡುಗನ ಕಣ್ಣಿನಿಂದಲೇ ಕಾಣುತ್ತೇವೆ. ಅವಳು ಸಾಯಬೇಕೆಂದು ಹಾವಿನ ಹುತ್ತಕ್ಕೆ ಕೈಯಿಡುವುದನ್ನು ಅವನು ನೋಡುತ್ತಾನೆ. ಊರಿನವರೆಲ್ಲ ಕದವಿಕ್ಕಿಕೊಳ್ಳುವಾಗ ಅವನೊಬ್ಬನ ಕಣ್ಣು ಮಾತ್ರ ತೆರೆದಿರುತ್ತದೆ. ಬದುಕಿರುವ ಮಗಳಿಗೆ ತಂದೆಯೇ ಮಡಕೆ ಒಡೆದು ಶ್ರಾದ್ಧ ಮಾಡುತ್ತಾನೆ. ಕಡೆಗೆ ತಂದೆಯೊಡನೆ ಊರು ಬಿಟ್ಟು ಹೊರಟ ನಾಣಿ, ತಲೆ ಬೋಳಿಸಿಕೊಂಡು ಮರದ ಕೆಳಗೆ ಒಂಟಿಯಾಗಿ ಕುಳಿತ ಯಮುನಕ್ಕನನ್ನು ಕಾಣುತ್ತಾನೆ.

ಈ ಚಿತ್ರದ ಶಕ್ತಿಯೆಲ್ಲ ಇರುವುದು ನಾಣಿಯ ಅಸಹಾಯಕತೆಯಲ್ಲಿ. ಅವನು ಏನನ್ನೂ ತಡೆಯಲಾರ. ಕಣ್ಣು ತಿರುಗಿಸಲೂ ಆರ. ಚಿತ್ರಮಂದಿರದ ಕುರ್ಚಿಯಲ್ಲಿ ಕುಳಿತ ಪ್ರೇಕ್ಷಕನ ಸ್ಥಿತಿಯೂ ಅದೇ ಆಗಿತ್ತು; ಎದ್ದು ಹೋಗಬೇಕೆಂದರೆ ಹತ್ತು ಜನರ ಮೊಣಕಾಲು ದಾಟಿ ಹೋಗಬೇಕಾಗಿತ್ತು. ಮನೆಯ ಪ್ರೇಕ್ಷಕನಿಗೆ ಆ ಸಂಕೋಚವಿಲ್ಲ. ಹುತ್ತದ ದೃಶ್ಯ ಬಂದೊಡನೆ ‘ಒಂದು ಲೋಟ ಕಾಫಿ ಕುಡಿದು ಬರೋಣ’ ಎನ್ನಬಹುದು. ಹಾಗೆ ಎದ್ದವನು, ತಿಳಿದೋ ತಿಳಿಯದೆಯೋ, ನಾಣಿಯ ಪಕ್ಕದ ಸ್ಥಳವನ್ನು ಬಿಟ್ಟು ಕದವಿಕ್ಕಿಕೊಂಡ ಅಗ್ರಹಾರದವರ ಸಾಲಿಗೆ ಸೇರುತ್ತಾನೆ.

ಮೂರನೆಯ ಚಿತ್ರವನ್ನು ನೋಡಲು ಕುಳಿತಾಗ ಈ ಮಾತು ಬರಿಯ ತತ್ತ್ವವಾಗಿ ಉಳಿಯಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಕಾಸರವಳ್ಳಿಯವರು 1986ರಲ್ಲಿ ಮಾಡಿದ ‘ತಬರನ ಕಥೆ’ ಅದು. ಬ್ರಿಟಿಷರ ಕಾಲದಿಂದಲೂ ಸರ್ಕಾರವೇ ದೇವರೆಂದು ನಂಬಿ ದುಡಿದ ತಬರಸೆಟ್ಟಿ ನಿವೃತ್ತನಾಗುತ್ತಾನೆ. ಪಿಂಚಣಿಯ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಲೇ ಇರುತ್ತದೆ. ಅತ್ತ ಅವನ ಹೆಂಡತಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೊಳೆಯುತ್ತ ಬರುತ್ತದೆ. ಕತ್ತರಿಸಿ ತೆಗೆಸಲು ದುಡ್ಡಿಲ್ಲ. ದುಡ್ಡು ಬರುವ ವೇಳೆಗೆ ಅವಳಿರುವುದಿಲ್ಲ. ಚಾರುಹಾಸನ್ ಅವರ ತಬರನಲ್ಲಿ ನಟನೆಯೆಂಬುದೇ ಕಾಣದು. ಅವರಿಗೂ ರಾಷ್ಟ್ರಪ್ರಶಸ್ತಿ ಬಂದದ್ದು ಯುಕ್ತವೇ ಆಯಿತು.

ನಾನೂ ಪಿಂಚಣಿದಾರ. ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಪ್ರಮಾಣಪತ್ರ ಒಪ್ಪಿಸುವವನು. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಬಂದು ಹದಿನಾರು ವರ್ಷಗಳಾದುವು. ಕಾಲಿನ ಒಂದು ಗುಳ್ಳೆಗೂ ನಾವು ಹೆದರುತ್ತೇವೆ. ತಬರನು ಹೆಂಡತಿಯ ಕಾಲನ್ನು ಕತ್ತರಿಸಿಕೊಡೆಂದು ಕಟುಕನನ್ನೇ ಬೇಡುವ ಭಾಗ ಹತ್ತಿರವಾದಾಗ ನನ್ನ ಕೈ ತಾನಾಗಿ ರಿಮೋಟಿನ ಕಡೆ ಹೋಯಿತು. ಆಕೆ ಅದನ್ನು ಗಮನಿಸಿದರು. “ಇರಲಿ ಬಿಡಿ. ಅವಳು ಅನುಭವಿಸಿಯೇ ಹೋದಳಲ್ಲ, ನಾವು ನೋಡೋಕೂ ಆಗದೇನು?” ಎಂದರು. ನಾವಿಬ್ಬರೂ ಕೊನೆಯವರೆಗೆ ನೋಡಿದೆವು.

ಕಾವ್ಯಮೀಮಾಂಸೆಯ ದೃಷ್ಟಿಯಿಂದ ಆಕೆಯ ಮಾತನ್ನು ಆಮೇಲೆ ಬಹಳ ಹೊತ್ತು ಯೋಚಿಸಿದೆ. ಸ್ವಂತ ದುಃಖ ರಸಕ್ಕೆ ವಿಘ್ನವೆಂಬುದು ಶಾಸ್ತ್ರ. ಅಂದು ಆಕೆಯ ಸ್ವಂತ ಭಯ ಆಕೆಯನ್ನು ತಬರನ ಹೆಂಡತಿಯಿಂದ ದೂರ ಮಾಡಬಹುದಾಗಿತ್ತು. ಆದರೆ ಆಕೆ ತನ್ನ ಭಯವನ್ನು ಬದಿಗಿರಿಸಿ ಇನ್ನೊಬ್ಬಳ ನೋವಿಗೆ ಎಡೆ ಮಾಡಿಕೊಟ್ಟರು. ರಂಗಮಂಟಪವೂ ಕತ್ತಲೆಯೂ ಹೊರಗಿನಿಂದ ಮಾಡಿಸುತ್ತಿದ್ದ ಕೆಲಸವನ್ನು ಮನೆಯಲ್ಲಿ ಸಹೃದಯನು ತಾನೇ ಮಾಡಿಕೊಳ್ಳಬೇಕಾಗುತ್ತದೆ. ಈಗಿನ ಪ್ರೇಕ್ಷಕನ ಮೇಲೆ ಬಿದ್ದಿರುವ ಹೊಸ ಹೊಣೆ ಇದೇ. ಅಲ್ಲದೆ ‘ತಬರನ ಕಥೆ’ ಕಾಯುವಿಕೆಯ ಚಿತ್ರ. ಬೆಂಚಿನ ಮೇಲೆ ಅವನು ಕುಳಿತಿರುವಷ್ಟು ಹೊತ್ತು ನಮಗೂ ಬೇಸರವಾಗಬೇಕು. ಬೇಸರವನ್ನು ದಾಟಿಸಿ ಓಡಿಸಿದರೆ ಅವನ ಅರ್ಜಿಯನ್ನು ಓದದೆ ಬದಿಗೆ ಸರಿಸಿದ ಗುಮಾಸ್ತನಿಗೂ ನಮಗೂ ವ್ಯತ್ಯಾಸವೇನು ಉಳಿಯಿತು?

ಮನೆಯ ನೋಟದಿಂದ ನಷ್ಟವೊಂದೇ ಎಂದು ಹೇಳಿದರೆ ಅನ್ಯಾಯವಾದೀತು. ರಾಮ್ ರೆಡ್ಡಿಯವರ ‘ತಿಥಿ’ಯನ್ನು ನಾವು ಮೊಮ್ಮಗನೊಂದಿಗೆ ನೋಡಿದೆವು. 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು ಮರುವರ್ಷ ನಮ್ಮಲ್ಲಿ ತೆರೆ ಕಂಡ ಚಿತ್ರ. ಮಂಡ್ಯ ಸೀಮೆಯ ಹಳ್ಳಿಯ ಜನವೇ ಇದರ ನಟರು. ನೂರು ದಾಟಿದ ಸೆಂಚುರಿಗೌಡ ಬೀದಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಬೈದು, ಎದ್ದು ನಾಲ್ಕು ಹೆಜ್ಜೆ ನಡೆದು, ಬಿದ್ದು ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗೆ ಮೊಮ್ಮಗ ತಮ್ಮಣ್ಣನು ಜಮೀನು ಮಾರಲು ಹೊಂಚುತ್ತಾನೆ. ಅದಕ್ಕಾಗಿ ಬದುಕಿರುವ ಅಪ್ಪ ಗಡ್ಡಪ್ಪನನ್ನೇ ಕಾಗದದಲ್ಲಿ ಸಾಯಿಸುತ್ತಾನೆ. ಗಡ್ಡಪ್ಪನಿಗೋ ಜಮೀನೂ ಬೇಡ, ಜಗಳವೂ ಬೇಡ. ಕುರಿ ಮೇಯಿಸುವ ಅಲೆಮಾರಿಗಳ ಜೊತೆ ಸೇರಿ ಸುಖವಾಗಿರುತ್ತಾನೆ. ‘ಘಟಶ್ರಾದ್ಧ’ದಲ್ಲಿಯೂ ಜೀವಂತ ವ್ಯಕ್ತಿಯನ್ನು ಸತ್ತವರ ಲೆಕ್ಕಕ್ಕೆ ಸೇರಿಸುತ್ತಾರೆ, ಇಲ್ಲಿಯೂ ಸೇರಿಸುತ್ತಾರೆ. ಅಲ್ಲಿ ಎದೆ ಒಡೆಯುತ್ತದೆ, ಇಲ್ಲಿ ನಗೆ ಉಕ್ಕುತ್ತದೆ.

ಬೆಂಗಳೂರಿನಲ್ಲಿ ಬೆಳೆದ ನಮ್ಮ ಮೊಮ್ಮಗ ಮಂಡ್ಯದ ಕನ್ನಡವನ್ನು ಇಂಗ್ಲಿಷಿನ ಅಡಿಬರಹ ಓದಿಕೊಂಡು ತಿಳಿಯುತ್ತಿದ್ದ. ಇದನ್ನು ಕಂಡು ಕನ್ನಡದ ಮೇಷ್ಟರಿಗೆ ಏನೆನಿಸಿರಬೇಕೆಂಬುದನ್ನು ತಾವು ಊಹಿಸಬಲ್ಲಿರಿ. ಆದರೆ ನಿಲ್ಲಿಸುವ ಗುಂಡಿ ಅಂದು ಉಪಕಾರಕ್ಕೆ ಬಂತು. ಅಲ್ಲಲ್ಲಿ ನಿಲ್ಲಿಸಿ ‘ಈ ಬೈಗುಳದಲ್ಲಿ ಕೋಪವಿಲ್ಲ, ಸಲಿಗೆಯಿದೆ, ಕೇಳು’ ಎಂದು ಹೇಳಿದೆ. ಹಿಂದಕ್ಕೆ ತಿರುಗಿಸಿ ಎರಡನೆಯ ಸಲ ಕೇಳಿದಾಗ ಅವನು ಅಡಿಬರಹವನ್ನು ನೋಡದೆಯೇ ನಕ್ಕ. ಯಾವ ಚಿತ್ರಮಂದಿರದಲ್ಲಿ ಹೀಗೆ ಒಂದು ಮಾತಿಗೆ ಟೀಕು ಹೇಳಿಕೊಡಲು ಸಾಧ್ಯವಿತ್ತು?

ಹೀಗಾಗಿ ಸಾಧನವನ್ನು ದೂರುವುದರಲ್ಲಿ ಅರ್ಥವಿಲ್ಲ. ಹೆಚ್ಚು ಕಾಣಬೇಕೆಂದು ನಿಲ್ಲಿಸುವುದೂ ಕಾಣಲಾರೆನೆಂದು ನಿಲ್ಲಿಸುವುದೂ ಒಂದೇ ಗುಂಡಿಯಿಂದಲೇ ಆಗುವ ಕೆಲಸ. ಯಾವುದಕ್ಕಾಗಿ ಒತ್ತಿದೆವೆಂಬುದು ಒತ್ತಿದವನಿಗೆ ಮಾತ್ರ ಗೊತ್ತು. ಮನೆಯಲ್ಲಿ ಇಂಥ ಚಿತ್ರಗಳನ್ನು ನೋಡುವವರಿಗೆ ನನ್ನದೊಂದು ಸಣ್ಣ ಬಿನ್ನಹ: ಮೊದಲೇ ಹಾಲು ಕಾಯಿಸಿ ಇಳಿಸಿಡಿ, ಬೇಡದ ದೀಪಗಳನ್ನು ಆರಿಸಿ, ಫೋನನ್ನು ಒಳಗಿನ ಕೋಣೆಯಲ್ಲಿ ಬಿಟ್ಟು ಬನ್ನಿ. ಚಿತ್ರ ಮುಗಿದ ಮೇಲೆ ಬೇಕಾದರೆ ಎರಡನೆಯ ಸಲ ನಿಲ್ಲಿಸಿ ನಿಲ್ಲಿಸಿ ನೋಡಿ, ಚರ್ಚಿಸಿ, ಜಗಳವನ್ನೂ ಆಡಿ. ಮೊದಲನೆಯ ಸಲ ಮಾತ್ರ ತಬರನು ಕುಳಿತಷ್ಟು ಹೊತ್ತು ಕುಳಿತಿರಿ.